ಸಮಾರಂಭಕ್ಕೆ ತಣ್ಣನೆಯ ತರಕಾರಿ ಮೊಸರು ಬಜ್ಜಿ: ಕೊಟ್ಟಿಗೆಯಿಂದ ಊಟದ ಎಲೆಯವರೆಗೆ



ದನದ ಡಾಕ್ಟರು ಅಡುಗೆ ಪಾಠಕ್ಕೆ ಯಾಕೆ ಇಳಿದರು ಎಂದು ನಗಬೇಡಿ. ಸೀಮಂತ, ನಾಮಕರಣ, ಗೃಹಪ್ರವೇಶ, ನಮ್ಮ ಸಂಘದ ವಾರ್ಷಿಕ ಮಹಾಸಭೆಯ ಊಟ, ಯಾವುದೇ ಇರಲಿ, ಎಲೆಯ ಮೇಲೆ ಒಂದು ಸೌಟು ಮೊಸರು ಬಜ್ಜಿ ಬಿದ್ದರೆ ಊಟಕ್ಕೆ ತಂಪು. ಎಣ್ಣೆಯಲ್ಲಿ ಕರಿಯುವ ಬಜ್ಜಿಯ ಮಾತಲ್ಲ ಇದು. ಸೌತೆಕಾಯಿ, ಕ್ಯಾರೆಟ್ಟು ಹೆಚ್ಚಿ ಗಟ್ಟಿ ಮೊಸರಿನಲ್ಲಿ ಕಲಸುವ ಬಜ್ಜಿ. ಕೆಲವು ಕಡೆ ಇದನ್ನೇ ಪಚಡಿ ಎನ್ನುತ್ತಾರೆ. ಈಗಿನ ಮಕ್ಕಳು ಮೊಬೈಲಿನಲ್ಲಿ ನೋಡಿ ಕೇಳುವ ಬೆಣ್ಣೆಯಂಥ ನುಣುಪಿನ ಸಲಾಡಿಗೂ ನಮ್ಮ ಕಟ್ಟಿದ ಮೊಸರೇ ಸಾಕು. ಅಂಗಡಿಯ ಮೆಯನೇಸ್ ಬೇಕಿಲ್ಲ.

ಆದರೆ ಈ ಬಜ್ಜಿಯ ಪಾಠ ನನಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ ಅಲ್ಲ, ಒಂದು ಕೊಟ್ಟಿಗೆಯಲ್ಲಿ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ಸೀಮಂತದ ಊಟ

ನಾನು ಕೆಲಸಕ್ಕೆ ಸೇರಿದ ಹೊಸತು. ಏಪ್ರಿಲ್ ತಿಂಗಳು. ಒಂದು ಊರಿನಲ್ಲಿ ಸೀಮೆಹಸುವಿಗೆ ಕೆಚ್ಚಲುಬಾವು ಬಂದಿತ್ತು. ಒಂದು ಮೊಲೆಯಲ್ಲಿ ಮಾತ್ರ ಗಡ್ಡೆಗಡ್ಡೆಯಾದ ಹಾಲು. ಆ ಮೊಲೆಗೆ ಟ್ಯೂಬು ಏರಿಸಿದೆ, ಇಂಜೆಕ್ಷನ್ನು ಕೊಟ್ಟೆ. ಹೊರಡುವಾಗ ಮನೆಯಾಕೆಗೆ ಹೇಳಿದೆ: "ಈ ಹಸುವಿನ ಹಾಲನ್ನ ನಾನು ಹೇಳೋವರೆಗೆ ಡೇರಿಗೆ ಹಾಕಬೇಡಿ ಅಕ್ಕಾ." ಆಕೆ ತಲೆಯಾಡಿಸಿದರು. ಮಾತಿಗೆ ತಪ್ಪಲಿಲ್ಲ, ಡೇರಿಗೆ ಒಂದು ಲೋಟವನ್ನೂ ಹಾಕಲಿಲ್ಲ.

ಎರಡು ದಿನ ಬಿಟ್ಟು ಅವರ ಮನೆಯಲ್ಲಿ ಮಗಳ ಸೀಮಂತ. ಮಧ್ಯಾಹ್ನ ಒಂದು ಗಂಟೆಗೆ ಊಟ. ನಾಲ್ಕು ಗಂಟೆಯ ಹೊತ್ತಿಗೆ ಒಬ್ಬೊಬ್ಬರಾಗಿ ವಾಂತಿ ಶುರುವಾಯಿತು. ಸುಮಾರು ಮೂವತ್ತು ಜನ. ಆರತಿ ಎತ್ತಿಸಿಕೊಂಡ ಬಸುರಿ ಮಗಳಿಗೂ ಡ್ರಿಪ್ಪು ಹಾಕಬೇಕಾಯಿತು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು.

ಮರುದಿನ ಹಸು ನೋಡಲು ಹೋದಾಗ ಆಕೆ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದರು. "ಡಾಕ್ಟ್ರಮ್ಮ, ನೀವು ಡೇರಿಗೆ ಬೇಡ ಅಂದ್ರಿ. ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಬಾವು ಇರೋ ಮೊಲೆದು ಬಿಟ್ಟು, ಮಿಕ್ಕ ಮೂರರದ್ದು ಬಜ್ಜಿಗಾದ್ರೂ ಆಗ್ಲಿ ಅಂತ ಹೆಪ್ಪು ಹಾಕ್ದೆ. ಅದೂ ಸರಿಯಾಗಿ ಕಟ್ಟಲಿಲ್ಲ, ಲೋಳೆಲೋಳೆ ಇತ್ತು. ಕೆನೆ ಬೆರೆಸಿ ಗಟ್ಟಿ ಮಾಡ್ದೆ" ಎಂದರು.

ಆಕೆ ತಪ್ಪು ಮಾಡಿದರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಡೇರಿಗೆ ಬೇಡ ಎಂದಿದ್ದೆ, ಮನೆಗೂ ಬೇಡ ಎಂದು ಹೇಳಿರಲಿಲ್ಲ. ಅಂದಿನಿಂದ ಪ್ರತಿ ಚೀಟಿಯಲ್ಲೂ ಮೂರು ಸಾಲು ಬರೆಯುತ್ತೇನೆ: ಡೇರಿಗೆ ಬೇಡ. ಮನೆಗೆ ಬೇಡ. ಕರುವಿಗೆ ಬೇಡ.

ಎಲ್ಲಿ ಎಡವಿದ್ದು?

ಆ ಬಜ್ಜಿಗೆ ವಿಷ ಸೇರಲು ಒಂದಲ್ಲ, ಮೂರು ಬಾಗಿಲು ತೆರೆದಿದ್ದವು.

ಮೊದಲನೆಯದು, ಹಾಲು. ಕೆಚ್ಚಲುಬಾವಿಗೆ ಕಾರಣವಾಗುವ ರೋಗಾಣುಗಳಲ್ಲಿ ಸ್ಟ್ಯಾಫಿಲೊಕಾಕಸ್ ಎಂಬುದು ಮುಖ್ಯವಾದದ್ದು. ಒಂದು ಮೊಲೆ ಊದಿದೆ ಎಂದರೆ ಮಿಕ್ಕ ಮೂರು ಚೆನ್ನಾಗಿವೆ ಎಂದು ನಂಬುವಂತಿಲ್ಲ. ಹೊರಗೆ ಕಾಣದ ಗುಪ್ತ ಬಾವು ಅವುಗಳಲ್ಲೂ ಇರಬಹುದು. ಇಂಥ ಹಾಲನ್ನು ಸಂಜೆ ಕರೆದು ಬೆಳಗಿನವರೆಗೆ ಕಾಯಿಸದೆ ಇಟ್ಟರೆ ಈ ರೋಗಾಣು ಬೆಳೆದು ಹಾಲಿನೊಳಗೆ ಒಂದು ವಿಷ ಬಿಡುತ್ತದೆ. ಆಮೇಲೆ ಹಾಲು ಕಾಯಿಸಿದರೆ ರೋಗಾಣು ಸಾಯುತ್ತದೆ, ಆದರೆ ಅದು ಬಿಟ್ಟ ವಿಷ ಕುದಿತಕ್ಕೂ ಹಾಳಾಗುವುದಿಲ್ಲ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ, ಹೊಟ್ಟೆ ನುಲಿತ ಬರುವುದು ಇದರ ಗುರುತು. ಇದೇ ರೋಗಾಣು ನಮ್ಮ ಮೂಗಿನಲ್ಲಿ, ಕೈಯ ಗಾಯದಲ್ಲಿ, ಕುರುವಿನಲ್ಲೂ ಇರುತ್ತದೆ. ಹಾಲು ಕಾಯಿಸಿದ ಮೇಲೆ ಕೈಯಿಂದಲೂ ಒಳಗೆ ಸೇರಬಹುದು.

ಎರಡನೆಯದು, ಔಷಧ. ಮೊಸರು ಕಟ್ಟುವುದು ಒಳ್ಳೆಯ ಸೂಕ್ಷ್ಮಾಣುಗಳಿಂದ. ಹಾಲಿನಲ್ಲಿ ಆ್ಯಂಟಿಬಯೋಟಿಕ್ ಉಳಿದಿದ್ದರೆ ಆ ಸೂಕ್ಷ್ಮಾಣುಗಳು ಮೊದಲು ಸೋಲುತ್ತವೆ. ಮೊಸರು ಹುಳಿಯಾಗುವುದಿಲ್ಲ. ಚೆನ್ನಾಗಿ ಕಟ್ಟಿದ ಮೊಸರಿನ ಹುಳಿಯೇ ಅದರ ಕಾವಲು, ಬೇರೆ ರೋಗಾಣುಗಳನ್ನು ಅದು ತಡೆಯುತ್ತದೆ. ಅರೆಬರೆ ಕಟ್ಟಿದ ಮೊಸರಿಗೆ ಆ ಕಾವಲಿಲ್ಲ. ಔಷಧಕ್ಕೆ ಬಗ್ಗದ ರೋಗಾಣು ಇದ್ದರೆ ಅದಕ್ಕೆ ಅಂಗಳವೆಲ್ಲ ಖಾಲಿ.

ಮೂರನೆಯದು, ಹೊತ್ತು. ಬೆಳಿಗ್ಗೆ ಹತ್ತಕ್ಕೆ ಕಲಸಿದ ಬಜ್ಜಿ ಶಾಮಿಯಾನದ ಕೆಳಗೆ ಬಿಸಿಲ ಝಳದಲ್ಲಿ ಮೂರು ಗಂಟೆ ಕಾದಿತ್ತು. ರೋಗಾಣುಗಳು ಬೇಗ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ನಮ್ಮ ಬೇಸಿಗೆಯ ಮಧ್ಯಾಹ್ನ ಅವಕ್ಕೆ ಹಬ್ಬ.

ಪಾಯಸವೋ ಸಾರೋ ಆಗಿದ್ದರೆ ಬಡಿಸುವ ಮುನ್ನ ಮತ್ತೊಮ್ಮೆ ಕುದಿಸುತ್ತೇವೆ. ಬಜ್ಜಿಗೆ ಎರಡನೇ ಬೆಂಕಿ ಇಲ್ಲ. ಹಾಲಿನಲ್ಲಿ, ಕೈಯಲ್ಲಿ, ತರಕಾರಿಯಲ್ಲಿ, ಪಾತ್ರೆಯಲ್ಲಿ ಏನಿತ್ತೋ ಅದು ನೇರವಾಗಿ ನೆಂಟರ ಎಲೆಗೆ ಹೋಗುತ್ತದೆ. ಆದ್ದರಿಂದ ಈ ಅಡುಗೆ ಕೆಚ್ಚಲಿನಿಂದಲೇ ಶುರುವಾಗಬೇಕು. ಈಗ ಒಂದೊಂದೇ ಹೆಜ್ಜೆ ನೋಡೋಣ.

ಹೆಜ್ಜೆ 1: ಹಾಲು ಯಾವ ಹಸುವಿನದು?

ಸಮಾರಂಭಕ್ಕೆ ಹಾಲು ಎತ್ತಿಡುವ ಮುನ್ನ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. *ಕೆಚ್ಚಲು ಸರಿಯಾಗಿದೆಯೇ?* ಪ್ರತಿ ಮೊಲೆಯ ಮೊದಲ ಮೂರು ನಾಲ್ಕು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಕರೆದು ನೋಡಿ. ಚೂರು, ಗಡ್ಡೆ, ನೀರುನೀರು, ರಕ್ತದ ಎಳೆ ಕಂಡರೆ ಆ ಹಾಲು ಬೇಡ. ಆ ಧಾರೆಯನ್ನು ನೆಲಕ್ಕೆ ಕರೆಯಬೇಡಿ, ಅಲ್ಲೇ ಮಲಗುವ ಹಸುವಿಗೆ ರೋಗ ಅಂಟುತ್ತದೆ. ಗುಪ್ತ ಬಾವು ಕಣ್ಣಿಗೆ ಕಾಣದು. ಅದಕ್ಕೆ ಸಿ.ಎಂ.ಟಿ. ಪರೀಕ್ಷೆ ಇದೆ. ನಾಲ್ಕು ಗುಳಿಯ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲು ಹಿಡಿದು, ಅಷ್ಟೇ ಪ್ರಮಾಣದ ದ್ರಾವಣ ಬೆರೆಸಿ ತಿರುಗಿಸಿದರೆ ರೋಗವಿರುವ ಮೊಲೆಯ ಹಾಲು ಲೋಳೆಯಾಗುತ್ತದೆ. ನಿಮ್ಮ ಪಶುವೈದ್ಯರನ್ನು ಕೇಳಿ ಮಾಡಿಸಿಕೊಳ್ಳಿ.

2. *ಔಷಧ ಕೊಟ್ಟಿದೆಯೇ?* ಟ್ಯೂಬು ಒಂದೇ ಮೊಲೆಗೆ ಏರಿಸಿದ್ದರೂ ನಾಲ್ಕೂ ಮೊಲೆಯ ಹಾಲು ಬೇಡ, ಔಷಧ ರಕ್ತದ ಮೂಲಕ ಎಲ್ಲ ಕಡೆಗೂ ಹೋಗುತ್ತದೆ. ಎಷ್ಟು ದಿನ ಬಿಡಬೇಕು ಎಂಬುದು ಔಷಧದಿಂದ ಔಷಧಕ್ಕೆ ಬೇರೆ. ಪೊಟ್ಟಣದ ಮೇಲೆ ಬರೆದಿರುತ್ತದೆ, ಇಲ್ಲವೇ ಡಾಕ್ಟರನ್ನು ಕೇಳಿ. ಎಣಿಕೆ ಶುರುವಾಗುವುದು ಕೊನೆಯ ಔಷಧ ಕೊಟ್ಟ ಹೊತ್ತಿನಿಂದ, ಮೊದಲ ದಿನದಿಂದ ಅಲ್ಲ. ಆ ಹಸುವಿನ ಹಿಂಗಾಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ, ಕೊಟ್ಟಿಗೆಯ ಗೋಡೆಗೆ ಸುಣ್ಣದಲ್ಲಿ ತಾರೀಖು ಬರೆಯಿರಿ. ಮನೆಯಲ್ಲಿ ಯಾರು ಕರೆದರೂ ಗೊತ್ತಾಗಬೇಕು.

3. *ಹಸು ಕಂದು ಹಾಕಿದೆಯೇ?* ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿದ್ದರೆ ಬ್ರೂಸೆಲ್ಲಾ ರೋಗದ ಅನುಮಾನ ಇರಬೇಕು. ಈ ರೋಗ ಹಸಿ ಹಾಲು, ಹಸಿ ಕೆನೆಯ ಮೂಲಕ ಮನುಷ್ಯರಿಗೂ ಬರುತ್ತದೆ. ಬಂದು ಹೋಗುವ ಜ್ವರ, ಕೀಲುನೋವು, ಸುಸ್ತು ಅದರ ಲಕ್ಷಣ. ಬಸುರಿಯರಿಗೆ ಗರ್ಭಪಾತವೂ ಆಗಬಹುದು. ಹೆಣ್ಣುಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಒಂದೇ ಸಲ ಹಾಕುವ ಲಸಿಕೆಯನ್ನು ತಪ್ಪಿಸಬೇಡಿ.

4. *ಕರೆಯುವವರ ಕೈ ಹೇಗಿದೆ?* ಕೆಚ್ಚಲು ತೊಳೆದು ಒಣ ಬಟ್ಟೆಯಲ್ಲಿ ಒರೆಸಿ, ಸೋಪಿನಲ್ಲಿ ಕೈ ತೊಳೆದು ಒಣಗಿದ ಕೈಯಲ್ಲಿ ಕರೆಯಿರಿ. ಬೆರಳನ್ನು ಹಾಲಿನಲ್ಲಿ ಅದ್ದಿ ಅದ್ದಿ ಕರೆಯುವ ರೂಢಿ ಬಿಡಿ. ಕೈಯಲ್ಲಿ ಗಾಯ, ಕುರು ಇದ್ದವರು ಅಂದು ಕರೆಯುವುದೂ ಬೇಡ, ಬಜ್ಜಿ ಕಲಸುವುದೂ ಬೇಡ.

ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸುವಿನ ಮುಂದೆ ಮೇವು ಹಾಕಿ ಅರ್ಧ ಗಂಟೆ ನಿಂತಿರುವಂತೆ ನೋಡಿಕೊಳ್ಳಿ. ಕರೆದ ಕೂಡಲೇ ಮೊಲೆಯ ತೂತು ತೆರೆದಿರುತ್ತದೆ. ಆಗ ಸಗಣಿಯಲ್ಲಿ ಮಲಗಿದರೆ ಬಾವಿಗೆ ದಾರಿ.

ಬಿಟ್ಟ ಹಾಲನ್ನು ಏನು ಮಾಡಬೇಕು? ಕರುವಿಗೂ ನಾಯಿಗೂ ಬೇಡ. ಕೊಟ್ಟಿಗೆಯಿಂದ, ಬಾವಿಯಿಂದ ದೂರ ಗುಂಡಿ ತೆಗೆದು ಸುರಿದು, ಮೇಲೆ ಸುಣ್ಣ ಹಾಕಿ ಮುಚ್ಚಿ. ಹಾಲು ಚೆಲ್ಲುವುದು ಕರುಳಿಗೆ ಚುಚ್ಚುತ್ತದೆ, ನನಗೆ ಗೊತ್ತು. ಆದರೆ ಅದು ಆ ಮೂರ್ನಾಲ್ಕು ದಿನ ಹಾಲಲ್ಲ.

ಹೆಜ್ಜೆ 2: ಗಟ್ಟಿ ಮೊಸರು

50 ಜನರ ಊಟಕ್ಕೆ, ಒಬ್ಬರಿಗೆ ಸುಮಾರು 100 ಗ್ರಾಂ ಬಜ್ಜಿಯ ಲೆಕ್ಕದಲ್ಲಿ, 4 ಲೀಟರ್ ಹಾಲು ಸಾಕು.

ಸಂಜೆಯ ಹಾಲು ಇದಕ್ಕೆ ಒಳ್ಳೆಯದು. ನಮ್ಮಲ್ಲಿ ಬೆಳಗಿನಿಂದ ಸಂಜೆಯ ಕರಾವಿಗೆ ಅಂತರ ಕಡಿಮೆ ಇರುವುದರಿಂದ ಸಂಜೆಯ ಹಾಲಿನಲ್ಲಿ ಸಾಮಾನ್ಯವಾಗಿ ಜಿಡ್ಡು ಹೆಚ್ಚು. ಜೆರ್ಸಿ ಹಸುವಿನ ಹಾಲು, ಎಮ್ಮೆಯ ಹಾಲು ಆದರೆ ಮೊಸರು ತಾನಾಗಿ ಗಟ್ಟಿ. ಎಚ್.ಎಫ್. ಹಸುವಿನ ಹಾಲಾದರೆ ಸ್ವಲ್ಪ ಬತ್ತಿಸಿಕೊಳ್ಳಿ.

ಕರೆದ ಹಾಲನ್ನು ಸೋಸಿ ಕೂಡಲೇ ಒಲೆಗೆ ಇಡಿ. ಉಕ್ಕಿ ಬಂದ ಮೇಲೆ ಉರಿ ಸಣ್ಣ ಮಾಡಿ, ಸೌಟಿನಲ್ಲಿ ಕೈಯಾಡಿಸುತ್ತಾ ಇನ್ನೂ 10 ನಿಮಿಷ ಕುದಿಸಿ. ಇದರಿಂದ ಎರಡು ಲಾಭ. ರೋಗಾಣುಗಳು ಸಾಯುತ್ತವೆ. ಹಾಲಿನ ತಿಳಿಯಲ್ಲಿರುವ ಪ್ರೋಟೀನು ಬೆಂದು ಮೊಸರಿಗೆ ಅಂಟಿಕೊಂಡು ನೀರನ್ನು ಹಿಡಿದಿಡುತ್ತದೆ, ಮೊಸರು ನೀರೊಡೆಯುವುದು ಕಡಿಮೆಯಾಗುತ್ತದೆ.

ಹಾಲು 40ರಿಂದ 42 ಡಿಗ್ರಿಗೆ ಇಳಿಯಲಿ. ತೊಳೆದ ಚಮಚದಲ್ಲಿ ಒಂದು ಹನಿ ಮಣಿಕಟ್ಟಿನ ಮೇಲೆ ಬಿಟ್ಟರೆ ಸುಡಬಾರದು, ಬೆಚ್ಚಗಿರಬೇಕು. ಬೆರಳು ಅದ್ದಿ ನೋಡಬೇಡಿ. ಲೀಟರಿಗೆ ಒಂದು ಚಿಕ್ಕ ಚಮಚ ತಾಜಾ ಹೆಪ್ಪು ಬೆರೆಸಿ, ಎರಡು ಸ್ಟೀಲ್ ಪಾತ್ರೆಗಳಿಗೆ ಹಂಚಿ ಮುಚ್ಚಿಡಿ. ಬೇಸಿಗೆಯಲ್ಲಿ 5-6 ಗಂಟೆ, ಚಳಿಯಲ್ಲಿ 8-10 ಗಂಟೆ ಬೇಕು. ಡೇರಿಗೆ ಹಾಲು ಒಯ್ಯುವ ಅಲ್ಯೂಮಿನಿಯಂ ಕ್ಯಾನಿನಲ್ಲಾಗಲಿ, ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಾಗಲಿ ಹೆಪ್ಪು ಹಾಕಬೇಡಿ. ಮೊಸರಿನ ಹುಳಿಗೆ ಲೋಹ ಬಿಟ್ಟುಕೊಳ್ಳುತ್ತದೆ.

ಬೆಳಿಗ್ಗೆ ನೋಡಿದಾಗ ಮೊಸರು ಕಟ್ಟಿಲ್ಲ, ಲೋಳೆ ಬಂದಿದೆ, ಕೆಟ್ಟ ವಾಸನೆ ಇದೆ ಎಂದರೆ ಅದನ್ನು ಸರಿಪಡಿಸಲು ಹೋಗಬೇಡಿ. ಕೆನೆ, ನಿಂಬೆರಸ ಏನು ಬೆರೆಸಿದರೂ ಅದು ಸರಿಹೋಗುವುದಿಲ್ಲ. ಹೆಪ್ಪು ಹಳೆಯದೋ, ಚಳಿ ಹೆಚ್ಚಾಯಿತೋ, ಹಾಲಿನಲ್ಲಿ ಔಷಧ ಇತ್ತೋ ನೋಡಿ ಹೇಳಲಾಗದು. ಆ ದಿನ ಬಜ್ಜಿ ಕೈಬಿಟ್ಟು ಕೋಸಂಬರಿ ಮಾಡಿ, ಇಲ್ಲವೇ ಡೇರಿಯಿಂದ ಪ್ಯಾಕೆಟ್ ಮೊಸರು ತರಿಸಿ. ನೆಂಟರು ಬೇಸರಪಡುವುದಿಲ್ಲ.

ಚೆನ್ನಾಗಿ ಕಟ್ಟಿದ ಮೊಸರನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ. ಕುದಿಯುವ ನೀರಿನಲ್ಲಿ ಹಾಕಿ ಹಿಂಡಿದ ತೆಳು ಹತ್ತಿ ಬಟ್ಟೆಯನ್ನು ಜರಡಿಯ ಮೇಲೆ ಹಾಸಿ, ಮೊಸರು ಸುರಿದು, ಬಟ್ಟೆ ಮಡಚಿ, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್ಜಿನೊಳಗೇ 2 ಗಂಟೆ ಬಿಡಿ. ಮೂರರಲ್ಲಿ ಒಂದು ಪಾಲಿನಷ್ಟು ನೀರು ಇಳಿದು ಸುಮಾರು 2.7 ಕೆ.ಜಿ. ದಪ್ಪ ಮೊಸರು ಉಳಿಯುತ್ತದೆ. ಇಳಿದ ತಿಳಿಯನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು, ಸಾರಿಗೆ ಬಳಸಿ.

ನುಣುಪು ಹೆಚ್ಚು ಬೇಕಾದರೆ 200 ಗ್ರಾಂ ಕೆನೆ ಸೇರಿಸಿ ಕಡೆಯಿರಿ. ಕೆನೆ ಕಾಯಿಸಿ ಆರಿಸಿದ ಹಾಲಿನದೇ ಆಗಿರಬೇಕು, ಹಸಿ ಹಾಲಿನ ಕೆನೆ ಬೇಡವೇ ಬೇಡ. ಇನ್ನೊಂದು ಮಾತು: ಡೇರಿಗೆ ಹಾಕುವ ಹಾಲಿನಿಂದ ಕೆನೆ ತೆಗೆಯಬೇಡಿ. ಫ್ಯಾಟು ಇಳಿದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ದರವೂ ಇಳಿಯುತ್ತದೆ. ಮನೆಗೆಂದು ಇಟ್ಟುಕೊಂಡ ಹಾಲಿನಿಂದ ತೆಗೆಯಿರಿ.

ಹೆಜ್ಜೆ 3: ತರಕಾರಿ

* ಸೌತೆಕಾಯಿ: ಒಂದೂವರೆ ಕೆ.ಜಿ.
* ಕ್ಯಾರೆಟ್ಟು: 750 ಗ್ರಾಂ
* ಬೀನ್ಸ್ ಅಥವಾ ಹಸಿ ಬಟಾಣಿ: 500 ಗ್ರಾಂ
* ದಾಳಿಂಬೆ: 2 (ಇದ್ದರೆ)
* ಹಸಿಮೆಣಸಿನಕಾಯಿ 8ರಿಂದ 10, ಒಂದು ದೊಡ್ಡ ತುಂಡು ಶುಂಠಿ, ಕೊತ್ತಂಬರಿ ಸೊಪ್ಪು ಒಂದು ಕಟ್ಟು
* ಒಗ್ಗರಣೆಗೆ ಎಣ್ಣೆ, ಸಾಸಿವೆ, ಇಂಗು, ಕರಿಬೇವು

ನಮ್ಮ ಹಿತ್ತಲ ತರಕಾರಿಗೆ ಗೊಬ್ಬರ ಬರುವುದು ನಮ್ಮ ಕೊಟ್ಟಿಗೆಯಿಂದಲೇ. ಸಗಣಿಯಲ್ಲಿ ಮನುಷ್ಯರಿಗೆ ಭೇದಿ ತರುವ ರೋಗಾಣುಗಳೂ ಇರುತ್ತವೆ. ಹಾಗಾಗಿ ಹೆಚ್ಚುವ ಮುನ್ನವೇ ಹರಿಯುವ ನೀರಿನಲ್ಲಿ ಉಜ್ಜಿ ಮೂರು ಸಲ ತೊಳೆಯಿರಿ, ಸಿಪ್ಪೆ ತೆಗೆಯಿರಿ. ಹೆಚ್ಚಿದ ಮೇಲೆ ತೊಳೆದರೆ ಕೊಳೆ ಒಳಗೆ ಹೋಗುತ್ತದೆ. ಕೊತ್ತಂಬರಿಯ ಬೇರು ಕತ್ತರಿಸಿ ಎಲೆಎಲೆಯಾಗಿ ತೊಳೆದು ನೀರು ಸೋರಿಸಿ. ಮಾಂಸ ಹೆಚ್ಚಿದ ಮಣೆ, ಚಾಕು ಇದಕ್ಕೆ ಬೇಡ. ಕೊಟ್ಟಿಗೆ ಕೆಲಸ ಮುಗಿಸಿ ಬಂದವರು ಸೀರೆಯ ಸೆರಗು ಬದಲಿಸಿ, ಸೋಪಿನಲ್ಲಿ ಮೊಣಕೈವರೆಗೆ ಕೈ ತೊಳೆದು ಆಮೇಲೆ ಮಣೆಯ ಮುಂದೆ ಕೂರಲಿ.

ಸೌತೆಕಾಯಿಯನ್ನು ಸೀಳಿ ನಡುವಿನ ಬೀಜದ ತಿರುಳು ತೆಗೆದು ಸಣ್ಣಗೆ ಹೆಚ್ಚಿ. ಒಂದು ದೊಡ್ಡ ಚಮಚ ಉಪ್ಪು ಬೆರೆಸಿ 20 ನಿಮಿಷ ಬಿಡಿ. ಉಪ್ಪು ಅದರ ನೀರನ್ನು ಹೊರಗೆಳೆಯುತ್ತದೆ. ಆ ನೀರು ಬಸಿದು, ತೊಳೆದ ಬಟ್ಟೆಯಲ್ಲಿ ಹಗುರವಾಗಿ ಹಿಂಡಿ. ಸುಮಾರು ಒಂದು ಕೆ.ಜಿ. ಉಳಿಯುತ್ತದೆ. ಇದನ್ನು ಮಾಡದಿದ್ದರೆ ಬಜ್ಜಿ ಕಲಸಿದ ಅರ್ಧ ಗಂಟೆಗೆ ನೀರಾಗಿ ಎಲೆಯ ತುಂಬ ಹರಿಯುತ್ತದೆ. ಮೊಸರಿನ ಹುಳಿಯೂ ತೆಳುವಾಗುತ್ತದೆ, ಕಾವಲು ಸಡಿಲವಾಗುತ್ತದೆ. ಟೊಮೆಟೊ ಬಿಡಿ, ಅದು ಬರೀ ನೀರು. ಈರುಳ್ಳಿ ಬೇಕೆನ್ನುವವರು ಬಡಿಸುವ ಹೊತ್ತಿಗೆ ಸೇರಿಸಿ.

ಬೀನ್ಸ್ ಅಥವಾ ಬಟಾಣಿಯನ್ನು ಕುದಿಯುವ ನೀರಿನಲ್ಲಿ 3-4 ನಿಮಿಷ ಬೇಯಿಸಿ, ಬಸಿದು, ಪೂರ್ತಿ ಆರಿಸಿ. ಕ್ಯಾರೆಟ್ಟನ್ನು ತುರಿಯಿರಿ ಅಥವಾ ಸಣ್ಣಗೆ ಹೆಚ್ಚಿ. ಎಲ್ಲವನ್ನೂ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡಿ. ಒಗ್ಗರಣೆ ಮಾಡಿ ಅದನ್ನೂ ಆರಿಸಿಡಿ. ಬಿಸಿ ಒಗ್ಗರಣೆ ಸುರಿದರೆ ತಣ್ಣಗಿದ್ದ ಬಜ್ಜಿ ಬೆಚ್ಚಗಾಗುತ್ತದೆ.

ಹೆಜ್ಜೆ 4: ಕಲಸುವುದು, ಬಡಿಸುವುದು

ಇಲ್ಲಿಯವರೆಗೆ ಮೊಸರು ಒಂದು ಕಡೆ, ತರಕಾರಿ ಒಂದು ಕಡೆ. ಊಟಕ್ಕೆ ಕಾಲು ಗಂಟೆ ಇದೆ ಎಂದಾಗ ಮೊದಲ ಪಂಕ್ತಿಗೆ ಬೇಕಾದಷ್ಟನ್ನು ಮಾತ್ರ ಕಲಸಿ. ಒಟ್ಟು ಬಜ್ಜಿಗೆ 35ರಿಂದ 40 ಗ್ರಾಂ ಉಪ್ಪು ಹಿಡಿಯುತ್ತದೆ, ಸೌತೆಕಾಯಿಯಲ್ಲಿ ಸ್ವಲ್ಪ ಉಪ್ಪು ಉಳಿದಿರುವುದರಿಂದ ರುಚಿ ನೋಡಿಕೊಂಡು ಹಾಕಿ. ರುಚಿ ನೋಡಿದ ಚಮಚ ಮತ್ತೆ ಪಾತ್ರೆಗೆ ಹೋಗಬಾರದು. ಕಲಸಲು ಕೈ ಬೇಡ, ಉದ್ದ ಹಿಡಿಯ ಸೌಟು ಬಳಸಿ.

ಬಡಿಸುವ ಪಾತ್ರೆಯನ್ನು ಮಂಜುಗಡ್ಡೆ ತುಂಬಿದ ಅಗಲ ಬೋಗುಣಿಯೊಳಗೆ ಇಡಿ. ಒಳಗಿನ ಬಜ್ಜಿಯ ಮಟ್ಟಕ್ಕೆ ಹೊರಗಿನ ಮಂಜುಗಡ್ಡೆ ಬರಬೇಕು. ಸಂತೆಯ ಮಂಜುಗಡ್ಡೆ ಯಾವ ನೀರಿನದೋ ತಿಳಿಯದು, ಅದನ್ನು ಬಜ್ಜಿಯೊಳಗೆ ಹಾಕಬೇಡಿ. ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯಬೇಡಿ, ಮುಚ್ಚಿದ್ದರೆ ಸುಮಾರು 4 ಗಂಟೆ ತಂಪು ನಿಲ್ಲುತ್ತದೆ.

ಫ್ರಿಜ್ಜೇ ಇಲ್ಲದ ಮನೆಯಲ್ಲಿ? ಒದ್ದೆ ಬಟ್ಟೆ ಸುತ್ತಿದ ಮಡಕೆ ಸ್ವಲ್ಪ ತಂಪು ಕೊಡುತ್ತದೆ, ಫ್ರಿಜ್ಜಿನಷ್ಟು ಕೊಡುವುದಿಲ್ಲ. ಮೊಸರನ್ನು ಬೆಳಗಿನ ಜಾವದ ತಂಪಿನಲ್ಲಿ ಕಟ್ಟಿ, ಮಂಜುಗಡ್ಡೆಯ ಬೋಗುಣಿಯಲ್ಲಿ ಇಟ್ಟು, ಪಂಕ್ತಿ ಕೂತ ಮೇಲೆ ಕಲಸಿ.

ಮಧ್ಯಾಹ್ನ 1 ಗಂಟೆಯ ಊಟಕ್ಕೆ ವೇಳಾಪಟ್ಟಿ ಹೀಗಿರಲಿ:

* ಹಿಂದಿನ ಸಂಜೆ 6: ಕರಾವು, ಕೂಡಲೇ ಕಾಯಿಸುವುದು
* ರಾತ್ರಿ 9: ಹೆಪ್ಪು ಹಾಕುವುದು
* ಬೆಳಗಿನ 5: ಮೊಸರು ಕಟ್ಟಿದ್ದನ್ನು ನೋಡಿ ಫ್ರಿಜ್ಜಿಗೆ
* ಬೆಳಿಗ್ಗೆ 8: ಬಟ್ಟೆಯಲ್ಲಿ ಇಳಿಬಿಡುವುದು
* ಬೆಳಿಗ್ಗೆ 10: ತರಕಾರಿ ಹೆಚ್ಚಿ, ಹಿಂಡಿ, ಫ್ರಿಜ್ಜಿಗೆ
* ಮಧ್ಯಾಹ್ನ 12.45: ಮೊದಲ ಪಂಕ್ತಿಗೆ ಕಲಸುವುದು

ಹೆಜ್ಜೆ 5: ಉಳಿದದ್ದು

ಕಲಸಿದ ಬಜ್ಜಿ ಹೊರಗೆ ಇರಬಹುದಾದದ್ದು ಹೆಚ್ಚೆಂದರೆ 2 ಗಂಟೆ. ಬಿಸಿಲು 32 ಡಿಗ್ರಿ ದಾಟಿದ್ದರೆ 1 ಗಂಟೆ ಮಾತ್ರ. ಅದಕ್ಕಿಂತ ಹೆಚ್ಚು ಹೊತ್ತು ಇದ್ದದ್ದನ್ನು ಡಬ್ಬಿಗೆ ತುಂಬಿ ನೆಂಟರ ಕೈಗೆ ಕೊಡಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ಕಲಸದೆ ಫ್ರಿಜ್ಜಿನಲ್ಲೇ ಉಳಿದ ಮೊಸರು ಮರುದಿನದ ಮಜ್ಜಿಗೆಗೆ ಆಗುತ್ತದೆ.

ಸಮಾರಂಭದ ಮರುದಿನ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಹಸುವಿನ ಹೊಟ್ಟೆಯುಬ್ಬರದ್ದು. ಉಳಿದ ಅನ್ನ, ಪಾಯಸ, ಬೂಂದಿಯನ್ನು ಕಲಗಚ್ಚಿಗೆ ಸುರಿದಿರುತ್ತಾರೆ. ಅನ್ನ, ಸಿಹಿ ಹೊಟ್ಟೆಯಲ್ಲಿ ಬೇಗ ಹುಳಿತು ಆಮ್ಲವಾಗುತ್ತದೆ. ಹಸು ಮೇವು ಬಿಡುತ್ತದೆ, ಹುಳಿ ವಾಸನೆಯ ನೀರು ಸಗಣಿ ಹಾಕುತ್ತದೆ, ಏಳಲಾರದೆ ಮಲಗಿ ಒಂದೆರಡು ದಿನದಲ್ಲಿ ಸಾಯಲೂಬಹುದು. ಸೌತೆ ಸಿಪ್ಪೆ, ಕ್ಯಾರೆಟ್ ಸೊಪ್ಪು ಹಾಕಿ, ಅನ್ನದ ರಾಶಿ ಬೇಡ. ತಪ್ಪಿ ತಿಂದಿದ್ದರೆ ಬೆಳಗಾಗಲಿ ಎಂದು ಕಾಯದೆ ಕೂಡಲೇ ಡಾಕ್ಟರಿಗೆ ಹೇಳಿ.

ಕೊನೆಗೊಂದು ಮಾತು

ಆ ಮನೆಯಾಕೆ ಆಮೇಲೆ ಬಹಳ ದಿನ ನೆರೆಮನೆಗೂ ಹೋಗಲಿಲ್ಲ. "ನಮ್ಮನೆ ಊಟ ಅಂದ್ರೆ ಜನ ಹೆದರ್ತಾರೆ" ಎಂದು ನನ್ನೆದುರೇ ಕಣ್ಣೀರು ಹಾಕಿದ್ದರು. ತಿಂಗಳುಗಳು ಕಳೆದು ಮೊಮ್ಮಗುವಿನ ನಾಮಕರಣ ಬಂತು. ಹಿಂದಿನ ವಾರವೇ ಫೋನು ಮಾಡಿ ಎರಡು ಹಸುವಿಗೂ ಸಿ.ಎಂ.ಟಿ. ಮಾಡಿಸಿಕೊಂಡರು. ನಾನು ಹೋದಾಗ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ತಾರೀಖುಗಳಿದ್ದವು, ಬೋಗುಣಿಯಲ್ಲಿ ಮಂಜುಗಡ್ಡೆ ಇತ್ತು. "ಡಾಕ್ಟ್ರಮ್ಮ, ನೀವು ಮೊದಲು ಹಾಕಿಸ್ಕೊಳ್ಳಿ, ಆಮೇಲೆ ಮಿಕ್ಕೋರು ಧೈರ್ಯ ಮಾಡ್ತಾರೆ" ಎಂದು ನಕ್ಕರು. ಎರಡು ಸೌಟು ಹಾಕಿಸಿಕೊಂಡೆ. ಪಕ್ಕದಲ್ಲಿ ಕೂತ ಅಜ್ಜಿ ನನ್ನ ಎಲೆ ನೋಡಿ ತಾವೂ ಕೇಳಿ ಹಾಕಿಸಿಕೊಂಡರು.

ಮುಂದಿನ ಸಂಘದ ಸಭೆಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳಿ

1. ಒಂದೇ ಮೊಲೆಗೆ ಟ್ಯೂಬು ಏರಿಸಿದರೆ ಎಷ್ಟು ಮೊಲೆಯ ಹಾಲು ಬಿಡಬೇಕು? ಎಣಿಕೆ ಯಾವಾಗಿನಿಂದ?
2. ಸಂಜೆ ಕರೆದ ಹಾಲನ್ನು ಬೆಳಿಗ್ಗೆ ಕಾಯಿಸಿದರೆ ಆಗುವುದಿಲ್ಲವೇ? ಯಾಕೆ?
3. ಮೊಸರು ಕಟ್ಟದೆ ಲೋಳೆಯಾಗಿದ್ದರೆ ಏನು ಮಾಡಬೇಕು?
4. ಸೌತೆಕಾಯಿಯ ನೀರು ಹಿಂಡುವುದು ಯಾಕೆ?
5. ನಮ್ಮ ಮನೆಯಲ್ಲಿ ಔಷಧ ಕೊಟ್ಟ ಹಸುವಿನ ಗುರುತು ಎಲ್ಲರಿಗೂ ಗೊತ್ತಿದೆಯೇ?

ಐದನೆಯ ಪ್ರಶ್ನೆಗೆ ಉತ್ತರ ಈ ಲೇಖನದಲ್ಲಿ ಸಿಗುವುದಿಲ್ಲ. ಎದ್ದು ಹೋಗಿ ನಿಮ್ಮ ಕೊಟ್ಟಿಗೆಯ ಗೋಡೆ ನೋಡಿ.

— ಪಶುವೈದ್ಯಾಧಿಕಾರಿ, ನಿಮ್ಮ ಹಾಲು ಒಕ್ಕೂಟ